ಓಮ್ನಿ ಸೀಟಿನ ಕೆಳಗೆ ಸಿಕ್ಕಿದ ಹಾವು: ಗುರುತು ಹಿಡಿದಿದ್ದು ಹೇಗೆ, ಎಲ್ಲಿ ತಪ್ಪಿದ್ವಿ

ಜೂನ್ ಕೊನೇ ವಾರದ ವಿಷ್ಯ ಇದು. ಮೂಡಿಗೆರೆ ತಾಲೂಕು ಬಣಕಲ್ ಹತ್ರ ನಮ್ಮ ತೋಟ, ಐದು ಎಕರೆ ಕಾಫಿ, ಅದರ ಮಧ್ಯ ಸಿಲ್ವರ್ ಮರಕ್ಕೆ ಹಬ್ಬಿಸಿರೋ ಮೆಣಸು. ಹೋದ ವರ್ಷದ ಮಳೇಲಿ ಸೊರಗು ರೋಗಕ್ಕೆ ಬಳ್ಳಿ ಸುಮಾರು ಹೋಗಿದ್ವು, ಅದಕ್ಕೆ ಗೋಣಿಬೀಡು ಕಡೆ ಒಂದು ನರ್ಸರಿಯಿಂದ 120 ಪನ್ನಿಯೂರು ಸಸಿ ತರೋಣ ಅಂತ ಬೆಳಿಗ್ಗೆನೇ ಹೋಗಿದ್ದೆ. ಗಾಡಿ ನಮ್ಮ ಹಳೇ ಮಾರುತಿ ಓಮ್ನಿ. ಹಿಂದಿನ ಸೀಟು ಬಿಚ್ಚಿ ಕ್ರೇಟ್ ಇಟ್ಟು, ಜಾಗ ಸಾಲದೆ ಉಳಿದ ಸಸಿ ಪ್ಯಾಕೆಟ್‌ಗಳನ್ನ ಮುಂದಿನ ಸೀಟಿನ ಹಿಂಭಾಗಕ್ಕೆ ಒತ್ತಿ ನಿಲ್ಲಿಸಿದ್ದೆ. ನರ್ಸರಿಯವರು ಶೇಡ್ ನೆಟ್ ಕೆಳಗಿಂದ ಎತ್ತಿ ಎತ್ತಿ ಕೊಟ್ರು, ನಾನು ತುಂಬಿಸ್ತಾ ಹೋದೆ, ಮಳೆ ಬೇರೆ ಹೊಡೀತಿತ್ತು, ಒಂದೊಂದನ್ನೂ ನೋಡಿ ಇಡೋಷ್ಟು ತಾಳ್ಮೆ ಅವತ್ತು ನನಗಿರ್ಲಿಲ್ಲ.

ಮನೆ ಕಣಕ್ಕೆ ಬಂದು ನಿಲ್ಲಿಸಿದಾಗ ಹನ್ನೊಂದೂವರೆ ಆಗಿತ್ತು. ನಮ್ಮ ತೋಟದಲ್ಲಿ ಹತ್ತು ಹದಿನೈದು ವರ್ಷದಿಂದ ಕೆಲಸ ಮಾಡೋ ಅಕ್ಕ ಒಬ್ರು, ಜೊತೆಗೆ ಲೋಡ್ ಇಳಿಸೋಕೆ ಬಂದ ಹುಡುಗ, ಇಬ್ರೂ ಸೇರಿ ಅರ್ಧ ಇಳಿಸಿದ್ರು. ಡ್ರೈವರ್ ಸೀಟ್ ಹಿಂದಿನ ಪ್ಯಾಕೆಟ್ ತೆಗೆಯೋಕೆ ಬಗ್ಗಿದ ಅಕ್ಕ ಹಾಗೇ ಕೈ ಹಿಂದಕ್ಕೆ ಎಳ್ಕೊಂಡು, ಏನೂ ಕೂಗಾಡದೆ, ಮೆಲ್ಲಗೆ "ಅಣ್ಣ, ಇಲ್ಲೇನೋ ಸುತ್ಕೊಂಡ್ ಮಲಗಿದೆ" ಅಂದ್ರು. ಓಮ್ನಿ ಗೊತ್ತಿರೋರಿಗೆ ಗೊತ್ತು, ಅದರ ಎಂಜಿನ್ ಇರೋದೇ ಮುಂದಿನ ಸೀಟಿನ ಕೆಳಗೆ, ಗಾಡಿ ಓಡಿ ಬಂದ್ಮೇಲೆ ಆ ಜಾಗ ಬೆಚ್ಚಗಿರುತ್ತೆ. ಆ ಬಿಸಿ ತಗಡು ಮತ್ತೆ ಸಸಿ ಪ್ಯಾಕೆಟ್‌ಗಳ ಸಂದಿಯಲ್ಲಿ ಅದು ಮಲಗಿತ್ತು.

ಆಗ ಕಂಡಿದ್ದು ಇಷ್ಟೇ: ಹೆಬ್ಬೆಟ್ಟು ಗಾತ್ರದ ಮೈ, ಎರಡು ಸುತ್ತು, ಕಂದು ಬಣ್ಣ, ಅದರ ಮೇಲೆ ಗಾಢ ಕಂದು ಮಚ್ಚೆಗಳು ಒಂದಕ್ಕೊಂದು ಅಂಟ್ಕೊಂಡು ಅಂಕುಡೊಂಕಾಗಿ ಹೋಗಿವೆ, ಕೊಳೆತ ಹಲಸಿನೆಲೆ ಬಿದ್ದಿದೆ ಅನ್ನೋ ಹಾಗೆ. ತಲೆ ಕಾಣ್ತಿರ್ಲಿಲ್ಲ, ಬಾಲಾನೂ ಕಾಣ್ತಿರ್ಲಿಲ್ಲ. ಈ ಎರಡು ಮಾತು ನೆನಪಿಟ್ಕೊಳಿ, ಯಾಕಂದ್ರೆ ತಲೆ ನೋಡದೇ ಇದ್ರೂ ಐದು ನಿಮಿಷದೊಳಗೆ ಅಲ್ಲಿದ್ದ ಎಲ್ರಿಗೂ ಹಾವು ಯಾವುದು ಅಂತ ಗೊತ್ತಾಗಿಬಿಟ್ಟಿತ್ತು.

ಪಕ್ಕದ ತೋಟದವರು ಶಬ್ದ ಕೇಳಿ ಬಂದೋರು ದೂರದಿಂದ ನೋಡಿ "ಕೊಳಕುಮಂಡಲ, ಡೌಟೇ ಇಲ್ಲ" ಅಂದ್ರು. ಅವರ ತಮ್ಮ "ಅಲ್ಲ ಕಣೋ, ಹೆಬ್ಬಾವಿನ ಮರಿ, ಮಚ್ಚೆ ನೋಡು" ಅಂದ. ಲೋಡ್ ಹುಡುಗ "ಬೆಕ್ಕುಹಾವು ಇದು, ನಮ್ಮನೆ ಹೆಂಚಿನ ಸಂದೀಲಿ ಹಲ್ಲಿ ಹಿಡಿಯೋಕೆ ಬರ್ತಾನೇ ಇರುತ್ತೆ, ಏನೂ ಮಾಡಲ್ಲ" ಅಂದ. ನನಗೂ ಬೆಕ್ಕುಹಾವು ಅಂತಾನೇ ಅನಿಸ್ತು. ಅನಿಸ್ತು ಅನ್ನೋದೂ ಕಮ್ಮಿ, ಗ್ಯಾರಂಟಿನೇ ಇತ್ತು. ಮಲೆನಾಡಲ್ಲಿ ಗಿಡ ಮರದ ಮೇಲೆ ಓಡಾಡೋ ಕಂದು ಬಣ್ಣದ ಅಡ್ಡ ಗೆರೆಯ ಹಾವು ಅಂದ್ರೆ ನಾನು ಸಣ್ಣವನಿದ್ದಾಗಿಂದ ಕಂಡಿದ್ದು ಅದನ್ನೇ. ಅದೇ ಧೈರ್ಯದಲ್ಲಿ ಒಂದು ಕಾಫಿ ಕೋಲು ತಗೊಂಡು ಪ್ಯಾಕೆಟ್ ಪಕ್ಕಕ್ಕೆ ಸರಿಸಿ ಹಾವನ್ನ ಬಾಗಿಲ ಕಡೆ ತಳ್ಳೋಣ ಅಂತ ಹೋದೆ.

ಅಲ್ಲೇ ತಪ್ಪಾಗಿದ್ದು. ಕೋಲು ತಾಗಿದ್ದೇ ತಡ ಅದು ಮೈ ಬಿಚ್ಚಿ ಸೀಟಿನ ಫ್ರೇಮ್ ಕೆಳಗೆ ನುಗ್ಗಿಬಿಡ್ತು. ಒಂದು ಸೆಕೆಂಡಿನ ಕೆಲಸ. ಅಲ್ಲೀವರೆಗೆ ಕಣ್ಣೆದುರಿಗೆ ಇದ್ದ ಹಾವು ಈಗ ಇಲ್ಲ. ಗಾಡಿಯೊಳಗೆ ಹಾವು ಬಂದಾಗ ಇದಕ್ಕಿಂತ ಕೆಟ್ಟ ಸ್ಥಿತಿ ಇನ್ನೊಂದಿಲ್ಲ. ಮನೆ ಕೋಣೆ ಆದ್ರೆ ನಾಲ್ಕು ಮೂಲೆ, ಗಾಡೀಲಿ ಮೂಲೆಗಳಿಗೆ ಲೆಕ್ಕ ಇಲ್ಲ: ಡ್ಯಾಶ್‌ಬೋರ್ಡ್ ಒಳಗಿನ ವೈರು, ಡೋರ್ ಪ್ಯಾಡ್, ಮ್ಯಾಟ್ ಕೆಳಗೆ, ಸ್ಪ್ರಿಂಗ್ ಒಳಗೆ. ಪಕ್ಕದವರು ಸೀಮೆಎಣ್ಣೆ ಹಾಕಿ ಅಂದ್ರು, ಇನ್ನೊಬ್ರು ಫಿನೈಲ್ ಅಂದ್ರು, ಬೆಳ್ಳುಳ್ಳಿ ಜಜ್ಜಿ ಇಡಿ ಅಂದೋರೂ ಇದ್ರು. ಯಾವುದನ್ನೂ ಮಾಡ್ಲಿಲ್ಲ, ಅದೊಂದು ಒಳ್ಳೇದಾಯ್ತು. ಬೆಳ್ಳುಳ್ಳಿಗೆ ಹಾವು ಹೆದರಲ್ಲ, ಫಿನೈಲ್ ಸುರಿದ್ರೆ ಹಾವು ನರಳಿ ಇನ್ನೂ ಒಳಗೆ ಹೋಗುತ್ತೆ ಅಷ್ಟೇ, ಸೀಮೆಎಣ್ಣೆಯಂತೂ ಬಿಸಿ ಎಂಜಿನ್ ಹತ್ರ ಸುರಿಯೋ ವಸ್ತುನೇ ಅಲ್ಲ. ಎಂಜಿನ್ ಸ್ಟಾರ್ಟ್ ಮಾಡಿ ಓಡಿಸೋಣ ಅಂದ ಹುಡುಗನನ್ನೂ ತಡೆದೆ. ಎಲ್ಲಾ ಬಾಗಿಲು ತೆಗೆದಿಟ್ಟು, ಗಾಡಿಯ ನಾಲ್ಕೂ ಕಡೆ ಒಬ್ಬೊಬ್ರನ್ನ ಎಂಟು ಹತ್ತು ಅಡಿ ದೂರ ನಿಲ್ಲಿಸಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿದೆ. ಅಲ್ಲಿಂದ ಈ ಭಾಗದಲ್ಲಿ ಹಾವು ಹಿಡಿಯೋರೊಬ್ರ ಸಂಪರ್ಕ ಆಯ್ತು. ಅವರು ಬರೋಕೆ ಒಂದು ಗಂಟೆ ಆಗುತ್ತೆ, ಅಷ್ಟರೊಳಗೆ ದೂರದಿಂದಲೇ ತಲೆ ಫೋಟೋ ಸಿಕ್ರೆ ಕಳಿಸಿ, ಮೈ ಫೋಟೋ ನನಗೆ ಬೇಡ ಅಂದ್ರು.

ಆ ಮಾತು ಕೇಳಿದ ಕೂಡ್ಲೇ ನನಗೆ ಎಂಟು ವರ್ಷದ ಹಿಂದಿನ ಒಂದು ದಿನ ನೆನಪಾಯ್ತು, ಅದನ್ನ ಇಲ್ಲಿ ಹೇಳ್ಲೇಬೇಕು. ಜನವರಿ ತಿಂಗಳು, ರೋಬಸ್ಟಾ ಕೊಯ್ಲು. ನಮ್ಮಲ್ಲೇ ಕೆಲಸಕ್ಕೆ ಬರ್ತಿದ್ದ ಹೆಂಗಸಿಗೆ ತರಗೆಲೆ ಮೇಲೆ ಕಾಲಿಟ್ಟಾಗ ಹಾವು ಕಚ್ತು. ಸಣ್ಣ ಹಾವು, ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಗಂಡಸರು ಓಡಿ ಬಂದು ಅದನ್ನ ಹೊಡೆದು, ಡಾಕ್ಟ್ರಿಗೆ ತೋರಿಸೋಕೆ ಅಂತ ಪ್ಲಾಸ್ಟಿಕ್ ಕವರಲ್ಲಿ ಹಾಕ್ಕೊಂಡು ಹೋದ್ರು. ಕೊಳಕುಮಂಡಲದ ಮರಿ ಅಂತ ಹೇಳಿದ್ರು, ಆಸ್ಪತ್ರೇಲೂ ಹಾಗೇ ಬರ್ಕೊಂಡ್ರು, ಆಂಟಿವೆನಮ್ ಬಾಟಲಿ ಮೇಲೆ ಬಾಟಲಿ ಕೊಟ್ರು, ರಕ್ತ ಮಾತ್ರ ಹೆಪ್ಪುಗಟ್ತಾನೇ ಇರ್ಲಿಲ್ಲ. ಮೂರನೇ ದಿನ ಕಿಡ್ನಿ ತೊಂದ್ರೆ ಶುರುವಾಗಿ ಡಯಾಲಿಸಿಸ್‌ಗೆ ಬೇರೆ ಕಡೆ ಕರ್ಕೊಂಡು ಹೋಗ್ಬೇಕಾಯ್ತು. ಬದುಕಿದ್ರು, ದೇವರ ದಯೆ. ಅದು ಹಂಪ್ ನೋಸ್ಡ್ ಪಿಟ್ ವೈಪರ್, ಅಂದ್ರೆ ಮೂಗಿನ ತುದಿ ಎದ್ದಿರೋ ಬೇರೇ ಜಾತಿಯ ಸಣ್ಣ ವಿಷದ ಹಾವು, ಇರಬಹುದು ಅಂತ ಆಮೇಲೆ ಅಲ್ಲಿನ ಡಾಕ್ಟ್ರು ಹೇಳಿದ್ರು, ಆದ್ರೆ ಖಚಿತವಾಗಿ ಹೇಳೋಕೆ ಅವರಿಗೂ ಆಗ್ಲಿಲ್ಲ, ಯಾಕಂದ್ರೆ ಕವರಲ್ಲಿದ್ದ ಹಾವಿನ ತಲೆ ಜಜ್ಜಿ ಹಿಟ್ಟಾಗಿತ್ತು. ಗುರುತು ಇರೋದೇ ತಲೆಯಲ್ಲಿ. ಅದನ್ನೇ ನಮ್ಮವರು ಮೊದ್ಲು ಜಜ್ಜಿದ್ರು.

ಸರಿ, ಓಮ್ನಿಗೆ ಬರ್ತೀನಿ. ಸುಮಾರು ನಲವತ್ತು ನಿಮಿಷ ಏನೂ ಕಾಣ್ಲಿಲ್ಲ. ಆಮೇಲೆ ಎದುರಿನ ಬಾಗಿಲ ಕಡೆ ನಿಂತಿದ್ದ ಅಕ್ಕನೇ ಮತ್ತೆ ನೋಡಿದ್ದು, ಸೀಟ್ ಕೆಳಗಿನ ಕಬ್ಬಿಣದ ಪಟ್ಟಿ ಮೇಲೆ ತಲೆ ಇಟ್ಕೊಂಡು ಸುಮ್ನೆ ಇತ್ತು. ನಾನು ಆರು ಏಳು ಅಡಿ ದೂರ ಮಂಡಿ ಊರಿ, ಮೊಬೈಲ್ ಫ್ಲ್ಯಾಶ್ ಆಫ್ ಮಾಡಿ, ಹುಡುಗನ ಕೈಗೆ ಟಾರ್ಚ್ ಕೊಟ್ಟು ಸೈಡಿಂದ ಬೆಳಕು ಬಿಡು ಅಂದೆ. ಎದುರಿಂದ ಬೆಳಕು ಬಿಟ್ರೆ ಒದ್ದೆ ಮೈ ಹೊಳೆದು ಬರೀ ಬಿಳಿ ಬರುತ್ತೆ, ಏನೂ ಕಾಣಲ್ಲ. ಜೂಮ್ ಹಾಕಿ ಫೋಟೋ ತೆಗೆಯೋ ಬದ್ಲು ಅರ್ಧ ನಿಮಿಷ ವಿಡಿಯೋ ಮಾಡಿ, ಅದರಲ್ಲಿ ಅಲ್ಲಾಡದೆ ಬಂದಿರೋ ಫ್ರೇಮ್ ಹುಡುಕಿ ಸ್ಕ್ರೀನ್‌ಶಾಟ್ ತೆಗೆದೆ. ಇದು ಒಳ್ಳೆ ಉಪಾಯ, ಕೈ ನಡುಗ್ತಿದ್ರೂ ಒಂದಾದ್ರೂ ಕ್ಲಿಯರ್ ಫ್ರೇಮ್ ಸಿಗುತ್ತೆ.

ಆ ಫ್ರೇಮ್ ದೊಡ್ಡದು ಮಾಡಿ ನೋಡ್ದಾಗ ಹೊಟ್ಟೆ ತಣ್ಣಗಾಯ್ತು. ಕಣ್ಣಿದೆ, ಕಣ್ಣಿನ ಮುಂದೆ ಮೂಗಿನ ಹೊಳ್ಳೆ ಇದೆ, ಅವೆರಡರ ಮಧ್ಯ, ಒಂಚೂರು ಕೆಳಗೆ, ಇನ್ನೊಂದು ತೂತು. ಹೊಳ್ಳೆಗಿಂತ ದೊಡ್ಡದು. ಪೆನ್ಸಿಲ್ ಮೊನೆಯಿಂದ ಒತ್ತಿದ ಹಾಗೆ ಒಳಕ್ಕೆ ಹೋಗಿದೆ. ಇದೇ ಗುಳಿ, ಪಿಟ್ ವೈಪರ್‌ಗಳಿಗೆ ಗುಳಿಮಂಡಲ ಅನ್ನೋ ಹೆಸರು ಬಂದಿರೋದೇ ಇದರಿಂದ. ಒಳಗೊಂದು ತೆಳು ಪೊರೆ ಇರುತ್ತೆ, ಬಿಸಿ ರಕ್ತದ ಇಲಿ ಹಕ್ಕಿ ಕತ್ತಲಲ್ಲಿ ಹತ್ರ ಬಂದ್ರೆ ಅದರ ಮೈ ಶಾಖ ಈ ಪೊರೆಗೆ ತಾಗಿ ಹಾವಿಗೆ ಗೊತ್ತಾಗುತ್ತೆ. ಬೆಕ್ಕುಹಾವಿಗೆ ಇದು ಇಲ್ಲವೇ ಇಲ್ಲ. ಕೊಳಕುಮಂಡಲಕ್ಕೂ ಇಲ್ಲ. ಹೆಬ್ಬಾವಿಗೆ ಗುಳಿ ಇದೆ, ಹಾಗಂತ ಅದು ಈ ಜಾಗದಲ್ಲಲ್ಲ, ತುಟಿ ಮೇಲಿನ ಹುರುಪೆಗಳಲ್ಲಿ ಇರುತ್ತೆ. ಹಾಗಾಗಿ ಗುಳಿ ಇದೆಯಾ ಅಂತ ನೋಡಿದ್ರೆ ಸಾಲದು, ಎಲ್ಲಿದೆ ಅಂತ ನೋಡ್ಬೇಕು.

ಇನ್ನೊಂದು ಫ್ರೇಮಲ್ಲಿ ತಲೆಯ ಮೇಲ್ಭಾಗ ಸಿಕ್ತು. ಅದು ಇನ್ನೂ ಒಳ್ಳೆ ಸಾಕ್ಷಿ. ಬೆಕ್ಕುಹಾವಿನ ನೆತ್ತಿ ಮೇಲೆ ಹೆಂಚು ಹೊದಿಸಿದ ಹಾಗೆ ದೊಡ್ಡ ದೊಡ್ಡ ಹುರುಪೆ ಕೂತಿರುತ್ತೆ, ಕೇರೆಹಾವು ನಾಗರಹಾವಿಗೂ ಹಾಗೇನೇ. ನಮ್ಮ ಹಾವಿನ ನೆತ್ತಿ ಪೂರ್ತಿ ಸಣ್ಣ ಸಣ್ಣ ಹುರುಪೆ, ರಾಗಿ ಚೆಲ್ಲಿದ ಹಾಗೆ. ಹಂಪ್ ನೋಸ್ಡ್ ಆಗಿದ್ರೆ ಮೂಗಿನ ತುದಿ ಮೇಲಕ್ಕೆ ಎದ್ದಿರಬೇಕಿತ್ತು, ತಲೆಯ ಹಿಂಭಾಗದಲ್ಲಿ ದೊಡ್ಡ ಹುರುಪೆ ಇರಬೇಕಿತ್ತು, ಮುಂಭಾಗದಲ್ಲಿ ಮಾತ್ರ ಸಣ್ಣವು. ಇದರಲ್ಲಿ ಅದೂ ಇಲ್ಲ, ಮೂಗು ಮಟ್ಟಸ. ಅಲ್ಲಿಗೆ ಉಳಿದಿದ್ದು ಒಂದೇ, ಮಲಬಾರ್ ಪಿಟ್ ವೈಪರ್. ಫೋಟೋ ಕಳಿಸಿದ ಎರಡೇ ನಿಮಿಷಕ್ಕೆ ಹಾವು ಹಿಡಿಯೋರಿಂದಲೂ ಅದೇ ಉತ್ತರ ಬಂತು, ಜೊತೆಗೆ "ಕೋಲು ಬಿಸಾಕಿ, ದೂರ ಇರಿ" ಅಂತ.

ಇದು ಪಶ್ಚಿಮ ಘಟ್ಟ ಬಿಟ್ರೆ ಬೇರೆಲ್ಲೂ ಇಲ್ಲದ ಹಾವು. 1854ರಲ್ಲಿ ಜೆರ್ಡನ್ ಅನ್ನೋರು ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟಿದ್ದು. ಬಣ್ಣದ ವಿಷ್ಯದಲ್ಲಿ ಇದರಷ್ಟು ಮೋಸ ಮಾಡೋ ಹಾವು ನಮ್ಮ ಕಡೆ ಇನ್ನೊಂದು ನಾನು ಕಂಡಿಲ್ಲ: ಒಂದು ಹಸಿರು, ಇನ್ನೊಂದು ಕಂದು, ಮತ್ತೊಂದು ಹಳದಿ, ಕಿತ್ತಳೆ ಬಣ್ಣದವೂ ಇವೆ, ಎಲ್ಲಾ ಒಂದೇ ಜಾತಿ. ಮೊಟ್ಟೆ ಇಡಲ್ಲ, ಮರಿ ಹಾಕುತ್ತೆ. ಹಗಲು ಹೊತ್ತು ಸೋಮಾರಿ, ಮಳೆಗಾಲದಲ್ಲಿ ತೊರೆ ಪಕ್ಕದ ಪೊದೆ, ಕಾಫಿ ಗಿಡ, ಏಲಕ್ಕಿ ಬುಡ ಇಂಥ ಕಡೆ ಒಂದೇ ಕೊಂಬೆ ಮೇಲೆ ದಿನಗಟ್ಟಲೆ ಕೂತಿರುತ್ತೆ, ಕಪ್ಪೆ ಹಲ್ಲಿ ಹತ್ರ ಬರ್ಲಿ ಅಂತ. ನೆರಳು, ತೇವ, ಎಲೆ, ಕಪ್ಪೆ, ನರ್ಸರಿಯ ಮೆಣಸಿನ ಸಸಿ ಸಾಲು ಅಂದ್ರೆ ಅದಕ್ಕೆ ಮಾಡಿಟ್ಟ ಮನೆ. ಪ್ಯಾಕೆಟ್ ಎತ್ತಿದ್ರೂ ಅಲ್ಲಾಡದೆ ಗಾಡಿವರೆಗೆ ಬಂದಿರೋದು ಆಶ್ಚರ್ಯ ಅಲ್ಲ.

ನಾನು ಯಾಕೆ ತಪ್ಪಿದೆ ಅಂತ ಆಮೇಲೆ ಕೂತು ಯೋಚ್ನೆ ಮಾಡ್ದೆ, ಯಾಕಂದ್ರೆ ಆ ತಪ್ಪು ನನ್ನ ಕೈ ತೆಗೀಬಹುದಿತ್ತು. ಬೆಕ್ಕುಹಾವು ಅಂತ ನಾನು ಹೇಳಿದ್ದು ಬಣ್ಣ ನೋಡಿ, ಜಾಗ ನೋಡಿ. ಮೈ ದಪ್ಪ ನೋಡಿದ್ರೂ ಸಾಕಾಗಿತ್ತು. ಬೆಕ್ಕುಹಾವು ಎರಡೂ ಪಕ್ಕದಿಂದ ಒತ್ತಿದ ಹಾಗೆ ತೆಳ್ಳಗಿರುತ್ತೆ, ಉದ್ದ ಮೂರು ಅಡಿ ದಾಟಿದ್ರೂ ಮೈ ಬೆರಳಿನಷ್ಟೇ, ಕುತ್ತಿಗೆಯಂತೂ ಕಡ್ಡಿ. ಇದು ಎರಡು ಅಡಿನೂ ಇರ್ಲಿಲ್ಲ, ಆದ್ರೂ ಹೆಬ್ಬೆಟ್ಟು ದಪ್ಪ. ಆ ಲೆಕ್ಕ ಕಣ್ಣೆದುರಿಗೇ ಇತ್ತು. ಪಕ್ಕದವರ ಕೊಳಕುಮಂಡಲ ಊಹೆ ತಪ್ಪಾದ್ರೂ ಅವರು ದೂರ ನಿಂತ್ರು, ನನ್ನ ಊಹೆ ನನ್ನನ್ನ ಹತ್ರ ಕರ್ಕೊಂಡು ಹೋಯ್ತು. ಅಂದಹಾಗೆ ಕೊಳಕುಮಂಡಲ ಆಗಿದ್ರೆ ಬೆನ್ನ ಮೇಲೆ, ಎರಡೂ ಪಕ್ಕದಲ್ಲಿ, ಒಟ್ಟು ಮೂರು ಸಾಲು ಸರಪಳಿ ಥರ ಬಿಡಿ ಬಿಡಿ ಮಚ್ಚೆ ಇರ್ಬೇಕು, ಕೋಲು ತಾಗಿಸಿದ್ದಕ್ಕೆ ಕುಕ್ಕರ್ ವಿಸಲ್ ಥರ ಬುಸ್ಸಂತ ಶಬ್ದ ಬರ್ಬೇಕಿತ್ತು. ಇದು ಸದ್ದೇ ಮಾಡಿರ್ಲಿಲ್ಲ.

ನಮ್ಮಲ್ಲಿ ಓಡಾಡೋ ಎರಡು ನಂಬಿಕೆ ಬಗ್ಗೆನೂ ಹೇಳ್ತೀನಿ. ತಲೆ ತ್ರಿಕೋನ ಇದ್ರೆ ವಿಷದ ಹಾವು ಅಂತಾರೆ. ಬೆಕ್ಕುಹಾವಿನ ತಲೆನೂ ತ್ರಿಕೋನಾನೇ, ಅದರ ವಿಷ ಮನುಷ್ಯರಿಗೆ ಅಂಥ ಅಪಾಯ ಅಲ್ಲ, ನಾಗರಹಾವು ಕಟ್ಟುಹಾವಿನ ತಲೆ ತ್ರಿಕೋನ ಅಲ್ಲವೇ ಅಲ್ಲ. ಕಣ್ಣಿನ ಪಾಪೆ ಬೆಕ್ಕಿನ ಥರ ಸೀಳಿದ್ರೆ ವಿಷ ಅಂತಾರೆ, ಬೆಕ್ಕುಹಾವಿಗೂ ಸೀಳು, ಪಿಟ್ ವೈಪರ್‌ಗೂ ಸೀಳು, ನಾಗರಹಾವಿಗೆ ದುಂಡು. ಈ ಎರಡರಿಂದ ಈ ಕೇಸಲ್ಲಿ ಏನೂ ತೀರ್ಮಾನ ಆಗ್ತಿರ್ಲಿಲ್ಲ.

ಇನ್ನು ಇದು ಕಚ್ಚಿದ್ರೆ? ಮಲಬಾರ್ ಪಿಟ್ ವೈಪರ್ ಕಚ್ಚಿ ಸಾಯೋದು ತೀರಾ ಅಪರೂಪ, ಆದ್ರೆ ನೋವು ವಿಪರೀತ, ಊತ ಕೈಯಲ್ಲಿ ಶುರುವಾಗಿ ಮೇಲಕ್ಕೆ ಏರುತ್ತೆ, ಕೆಲವರಿಗೆ ದಿನಗಟ್ಟಲೆ ಇಳಿಯಲ್ಲ. ಮುಖ್ಯವಾದ ವಿಷ್ಯ ಬೇರೆ ಇದೆ. ನಮ್ಮ ದೇಶದ ಆಂಟಿವೆನಮ್ ತಯಾರಾಗೋದು ನಾಲ್ಕು ಹಾವಿನ ವಿಷದಿಂದ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಪಿಟ್ ವೈಪರ್‌ಗಳು ಆ ಪಟ್ಟೀಲಿ ಇಲ್ಲ. ಅಂದ್ರೆ ಪಿಟ್ ವೈಪರ್ ಕಡಿತವನ್ನ ಕೊಳಕುಮಂಡಲ ಅಂತ ಹೇಳಿ ಅಡ್ಮಿಟ್ ಮಾಡಿದ್ರೆ ರೋಗಿಗೆ ಕೆಲಸಕ್ಕೆ ಬಾರದ ಔಷಧಿ, ಅದರ ಅಲರ್ಜಿ ರಿಯಾಕ್ಷನ್ ಅಪಾಯ ಮಾತ್ರ ಪೂರ್ತಿ. ಇದಕ್ಕೇ ತಲೆ ಫೋಟೋ ಇದ್ರೆ ಡಾಕ್ಟ್ರಿಗೆ ದೊಡ್ಡ ಉಪಕಾರ. ಹಾಗಂತ ಫೋಟೋ ಸಿಗ್ಲಿ ಅಂತ ಕಾಯಬಾರದು, ಹಾವನ್ನ ಹಿಡಿಯೋಕಂತೂ ಹೋಗಲೇಬಾರದು. ಹಾವು ಯಾವುದು ಅಂತ ಗೊತ್ತಿಲ್ದೇ ಇದ್ರೂ ಲಕ್ಷಣ ನೋಡಿ ಚಿಕಿತ್ಸೆ ಶುರು ಮಾಡ್ತಾರೆ, 2 ಎಂ.ಎಲ್. ರಕ್ತ ಒಣ ಗಾಜಿನ ಟ್ಯೂಬಲ್ಲಿ ಹಾಕಿ 20 ನಿಮಿಷ ಅಲ್ಲಾಡಿಸದೆ ಇಟ್ಟು ಹೆಪ್ಪುಗಟ್ಟುತ್ತಾ ಅಂತ ನೋಡೋ ಟೆಸ್ಟ್ ಸಣ್ಣ ಆಸ್ಪತ್ರೇಲೂ ಮಾಡಬಹುದು. ಕಚ್ಚಿದ ಕೈಯ ಉಂಗುರ ಬಳೆ ಕೂಡ್ಲೇ ತೆಗೀಬೇಕು, ಊತ ಬಂದ್ಮೇಲೆ ಬರಲ್ಲ. ಹಗ್ಗ ಕಟ್ಟಬಾರದು, ಕುಯ್ಯಬಾರದು, ಬಾಯಲ್ಲಿ ಹೀರಬಾರದು, ಕೈ ಅಲ್ಲಾಡದ ಹಾಗೆ ಇಟ್ಕೊಂಡು ಹೊರಡೋದಷ್ಟೇ. ನಮ್ಮ ರಾಜ್ಯದಲ್ಲಿ 2024ರಿಂದ ಹಾವು ಕಡಿತ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪ್ರಕರಣ ಆಗಿದೆ, ಯಾವ ತಾಲೂಕಲ್ಲಿ ಯಾವ ಹಾವು ಎಷ್ಟು ಜನಕ್ಕೆ ಕಚ್ತಿದೆ ಅನ್ನೋ ಲೆಕ್ಕ ಇನ್ನಾದ್ರೂ ಸರಿಯಾಗಿ ಸಿಗ್ಲಿ ಅಂತ ನನ್ನ ಆಸೆ. ಮಲೆನಾಡಿನ ತೋಟದವರಿಗೆ ಅದು ಜೀವದ ಪ್ರಶ್ನೆ.

ಹಾವು ಹಿಡಿಯೋರು ಬಂದಿದ್ದು ಒಂದೂವರೆ ಹೊತ್ತಿಗೆ. ಬಂದವರು ಆತುರ ಮಾಡ್ಲಿಲ್ಲ, ಮೊದ್ಲು ಟಾರ್ಚ್ ಬಿಟ್ಟು ಬಾಲ ನೋಡಿದ್ರು, ನಮಗೂ ತೋರಿಸಿದ್ರು. ಬಾಲ ಸೀಟಿನ ಕಂಬಿಗೆ ಎರಡು ಸುತ್ತು ಬಿಗಿಯಾಗಿ ಸುತ್ಕೊಂಡಿತ್ತು, ಬಳ್ಳಿ ಕುಡಿ ಕೋಲಿಗೆ ಸುತ್ಕೊಳ್ಳೋ ಹಾಗೇನೇ. ಮರದ ಮೇಲೆ ಬದುಕೋ ಪಿಟ್ ವೈಪರ್ ಬಾಲ ಹಿಡಿತಕ್ಕೇ ಇರೋದು, ಅದಕ್ಕೇ ಎಳೆಯೋಕೆ ಹೋದ್ರೆ ಬರಲ್ಲ, ಹಾವಿಗೆ ಪೆಟ್ಟಾಗುತ್ತೆ ಅಂದ್ರು. ಸೀಟಿನ ಬೋಲ್ಟ್ ಬಿಚ್ಚಿ ಸೀಟು ಮೇಲಕ್ಕೆ ಎತ್ತಿ, ಕೊಕ್ಕೆ ಕೋಲಿನ ತುದಿಯನ್ನ ಹೊಟ್ಟೆ ಕೆಳಗೆ ಹಾಕಿ ಕಾದ್ರು. ಅದೇ ನಿಧಾನಕ್ಕೆ ಕಂಬಿ ಬಿಟ್ಟು ಕೊಕ್ಕೆಗೆ ಸುತ್ಕೊಳ್ತು. ಚೀಲಕ್ಕೆ ಇಳಿಸಿದ್ದು ಹತ್ತು ನಿಮಿಷದ ಕೆಲಸ, ನಾನು ಕೋಲಲ್ಲಿ ಕೆಣಕದೇ ಇದ್ದಿದ್ರೆ ಸೀಟು ಬಿಚ್ಚೋದೂ ತಪ್ತಿತ್ತು.

ಎಲ್ಲಿ ಬಿಡೋದು ಅನ್ನೋದು ಸುಲಭ ಇರ್ಲಿಲ್ಲ. ಹಾವನ್ನ ಗೊತ್ತಿಲ್ಲದ ಜಾಗಕ್ಕೆ ದೂರ ಒಯ್ದು ಬಿಟ್ರೆ ಅದು ಅಡಗೋ ಜಾಗ, ಆಹಾರ ಸಿಗದೆ ಅಲೆದು ಸಾಯೋದೇ ಹೆಚ್ಚು, ಸಿಕ್ಕಲ್ಲೇ ಹತ್ರದಲ್ಲಿ ಬಿಡೋದು ಸರಿ. ಆದ್ರೆ ಇದು ಸಿಕ್ಕಿದ್ದು ಎಲ್ಲಿ? ನಮ್ಮ ಕಣದಲ್ಲಾ, ನರ್ಸರೀಲಾ? ಗಾಡಿ ಹಿಂದಿನ ರಾತ್ರಿ ನಮ್ಮ ಹಲಸಿನ ಮರದ ಕೆಳಗೇ ನಿಂತಿತ್ತು, ಅಲ್ಲಿಂದ ಹತ್ತಿರಬಹುದಲ್ವಾ ಅಂತ ನಾನು ಕೇಳ್ದೆ. ಅವರು ಪ್ಯಾಕೆಟ್‌ಗಳನ್ನ ಒಂದೊಂದಾಗಿ ತಿರುಗಿಸಿ ನೋಡಿದ್ರು. ಒಂದರ ಬುಡದಲ್ಲಿ, ಎರಡು ಸಸಿಗಳ ಮಧ್ಯ, ಪೊರೆಯ ಒಂದು ತುಂಡು ಸಿಕ್ಕಿತು, ಒದ್ದೆಯಾಗಿ ಮಣ್ಣಿಗೆ ಅಂಟ್ಕೊಂಡಿತ್ತು. ಒಂದು ರಾತ್ರಿಯ ಪೊರೆ ಅಲ್ಲ ಅದು, ಹಾವು ಆ ಸಾಲಲ್ಲೇ ವಾಸ ಇತ್ತು. ಅರಣ್ಯ ಇಲಾಖೆಯ ಗಾರ್ಡ್‌ಗೆ ತಿಳಿಸಿ ಅವತ್ತು ಸಂಜೆನೇ ನರ್ಸರಿ ಹಿಂದಿನ ತೊರೆ ಪಕ್ಕದ ಪೊದೆಗೆ ಬಿಟ್ರು, ನಾನೂ ಹೋಗಿದ್ದೆ. ಚೀಲದಿಂದ ಹೊರಗೆ ಬಂದಿದ್ದೇ ಒಂದು ಅಡ್ಡ ಕೊಂಬೆ ಏರಿ ಬಾಲ ಸುತ್ತಿ ಕೂತ್ಕೊಳ್ತು. ನರ್ಸರಿಯವರಿಗೆ ಫೋಟೋ ತೋರಿಸಿ, ಪ್ಯಾಕೆಟ್ ಎತ್ತೋ ಮುಂಚೆ ಕಡ್ಡಿಯಿಂದ ಎಲೆ ಸರಿಸಿ ನೋಡಿ ಅಂತ ಹೇಳಿ ಬಂದೆ. ಅವರ ಕೆಲಸದವರು ಬರಿಗೈಲಿ ಎತ್ತೋದು.

ಮಾರನೇ ದಿನ ಉಳಿದ ಸಸಿ ಇಳಿಸುವಾಗ ಅಕ್ಕ ಆ ಫೋಟೋ ಮತ್ತೊಮ್ಮೆ ತೋರ್ಸಿ ಅಂದ್ರು. ಮೊಬೈಲ್ ಕೈಯಲ್ಲಿ ಹಿಡ್ಕೊಂಡು ಬೆರಳಲ್ಲಿ ದೊಡ್ಡದು ಮಾಡಿ ಆ ಗುಳಿ ನೋಡಿದ್ರು, ಸುಮಾರು ಹೊತ್ತು ನೋಡಿದ್ರು. ಆಮೇಲೆ "ಅಣ್ಣ, ಅರೇಬಿಕಾ ಕೊಯ್ಲಲ್ಲಿ ಇದನ್ನ ಗಿಡದ ಮೇಲೆ ಎಷ್ಟು ಸಲ ಕಂಡಿದೀನಿ, ಬೆಕ್ಕುಹಾವು ಅಂತ ಕೊಂಬೆ ಸಮೇತ ಪಕ್ಕಕ್ಕೆ ಸರಿಸಿ ಹಣ್ಣು ಬಿಡಿಸಿದೀನಿ" ಅಂದ್ರು. ನನಗೆ ಏನು ಹೇಳ್ಬೇಕು ಗೊತ್ತಾಗ್ಲಿಲ್ಲ. ಕೊಯ್ಲಿಗೆ ಇನ್ನೂ ಐದು ತಿಂಗಳಿದೆ, ಮೊಣಕೈವರೆಗೆ ಬರೋ ದಪ್ಪ ಗ್ಲೌಸ್ 12 ಜೊತೆ, ಗಂಬೂಟ್ 12 ಜೊತೆಗೆ ಹೇಳಿದೀನಿ, ಆ ಎರಡು ಫ್ರೇಮನ್ನ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೆಲಸದವರ ಲೈನ್ ಮನೆ ಗೋಡೆಗೆ ಅಂಟಿಸಿದೀನಿ, ಒಂದು ಪಕ್ಕದಿಂದ, ಒಂದು ಮೇಲಿಂದ.